ಐದು ಕೋನಿನ ಸ್ಟ್ಯಾಂಡು

ಗೆಜ್ಜಲಗೆರೆಯ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಬಟ್ಟೆಯ ಒಳಅಂಚು ಕಟ್ಟುವ ಓವರ್‌ಲಾಕ್ ಮಿಷಿನ್ನಿಗೆ ಕೂತವಳು. ಆ ಮಿಷಿನ್ನಿನ ಹಿಂದೆ ದಾರದ ಸ್ಟ್ಯಾಂಡು ಇರುತ್ತದೆ. ಕೆಳಗೆ ಐದು ಕಡ್ಡಿ, ಕಡ್ಡಿಗೊಂದು ದಾರದ ಕೋನು. ಮೇಲೆ ಐದು ಕೊಕ್ಕೆ. ದಾರ ಕೋನಿನಿಂದ ಕೊಕ್ಕೆಗೆ ಏರಿ, ಅಲ್ಲಿಂದ ಇಳಿದು ಮಿಷಿನ್ನಿಗೆ ಬರಬೇಕು. ನೋಡುವವರಿಗೆ ಅದೇನೋ ಚೆಂದ. ನನಗೆ ಮಾತ್ರ ಕಿಟಕಿಯ ಸರಳಿನ ಹಾಗೆ ಕಾಣುತ್ತಿತ್ತು. ಆ ಐದು ಎಳೆಗಳ ಆಚೆ ಗೋಡೆ ಗಡಿಯಾರ, ಈಚೆ ನಾನು.

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೋದಾಗ ಮಗಳಿಗೆ ಆರು ತಿಂಗಳು ತುಂಬಿತ್ತು. ಬಿಟ್ಟುಬಿಡೋಣ ಅಂದರೆ ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ. ಎದೆಹಾಲು ಮಾತ್ರ ಬಿಡಿಸಬಾರದು ಅನ್ನುವುದು ನನ್ನ ಹಟ. ಹಗಲು ಅತ್ತೆ ಮಗುವಿಗೆ ರಾಗಿ ಸರಿ ಕುಡಿಸುತ್ತಿದ್ದರು. ಸಂಜೆಗೆ ಅವರೇ ಒಂದು ದಾರಿ ಹುಡುಕಿದ್ದರು.

“ನಾಕು ಗಂಟೆ ಮ್ಯಾಲೆ ನಾನೇನೂ ಕೊಡಾಕಿಲ್ಲ. ಅಸ್ಕೊಂಡಿದ್ರೇನೆ ಕೂಸು ಎದೆ ಇಡೀತದೆ. ನೀನು ಆರೂವರ್ಗೆ ಬಂದ್ಬುಡ್ಬೇಕು, ಅಷ್ಟೇಯ.”

ಬರುತ್ತಿದ್ದೆ. ಐದೂವರೆಗೆ ಗೇಟು, ಗೇಟಿನಲ್ಲೇ ನಮ್ಮೂರ ದಾರಿಯ, ಚಿಕ್ಕರಸಿನಕೆರೆ ಕಡೆಯ ವ್ಯಾನು. ಆದರೆ ಮಧ್ಯಾಹ್ನ ಮೂರಾಯಿತೆಂದರೆ ಹಾಲು ತುಂಬಿ ಎದೆ ಕಲ್ಲಾಗುತ್ತಿತ್ತು. ಹಳೇ ಪಂಚೆಯ ತುಂಡು ಮಡಿಸಿ ಒಳಗಿಟ್ಟುಕೊಂಡು, ಗಡಿಯಾರ ನೋಡಿಕೊಂಡು ಹೊಲಿಯುತ್ತಿದ್ದೆ.

ಕೋನು ಮುಗಿದರೆ ಹೊಸ ಕೋನಿನ ದಾರವನ್ನು ಹಳೆಯದರ ತುದಿಗೆ ಗಂಟು ಹಾಕಿ ಎಳೆದುಕೊಂಡುಬಿಡುವುದು ನಮ್ಮ ರೂಢಿ. ಮೊದಲಿನಿಂದ ಪೋಣಿಸುತ್ತ ಕೂತರೆ ಟಾರ್ಗೆಟ್ಟು ಗೋವಿಂದ! ಆದರೆ ಗಂಟು ಹಾಕುವ ಮೊದಲು ಎದ್ದು ಹೋಗಿ ಕಿಟಕಿಯ ಬೆಳಕಿಗೆ ಎಳೆ ಹಿಡಿದು ನೋಡಬೇಕು. ಟ್ಯೂಬ್‌ಲೈಟಿನ ಕೆಳಗೆ ಕಪ್ಪೂ ಕಡುನೀಲಿಯೂ ಒಂದೇ ಥರ. ಒಂದು ದಿನ ಸಂಜೆ ಐದಕ್ಕೆ ಸರಿಯಾಗಿ ಒಂದು ಕೋನು ಮುಗಿಯಿತು. ಕಿಟಕಿಗೆ ಹೋಗಿಬಂದರೆ ಹೊತ್ತಾಗುತ್ತದಲ್ಲ ಅಂತ ಕೂತಲ್ಲೇ ಗಂಟು ಹಾಕಿ ಎಳೆದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿದ್ದಾರಾ!

ಐದೂಕಾಲಿಗೆ ಸೂಪರ್‌ವೈಸರ್ ಅಕ್ಕ ಒಂದು ಪ್ಯಾಂಟನ್ನು ಒಳಗುಹೊರಗು ಮಾಡಿ ತಂದರು. ಮಳವಳ್ಳಿ ಕಡೆಯವರು, ಗಟ್ಟಿ ಬಾಯಿ.

“ಏನಮ್ಮೀ ಇದು? ಕರಿ ಪ್ಯಾಂಟ್ಗೆ ನೀಲಿ ದಾರ! ಎಲ್ಲಿತ್ತು ನಿನ್ ಗ್ಯಾನ?”

ಮೂವತ್ತು ಪೀಸು ಹಾಗೇ ಹೊಲಿದಿದ್ದೆ. “ಅಕ್ಕಾ, ನಾಳೆ ಬೇಗ ಬಂದು ಬಿಚ್ಚಿ ಹೊಲ್ಕೊಡ್ತೀನಿ. ಮಗು ಹಸ್ಕೊಂಡಿರ್ತದೆ” ಅಂತ ಬೇಡಿಕೊಂಡೆ.

“ಇವತ್ತೇ ಲಾರಿ ತುಂಬ್ತಾರೆ ಕಣಮ್ಮಿ. ನಂಗೇನು ನಿನ್ ಮ್ಯಾಲೆ ದ್ವೇಸವಾ?” ಅಂದವರು, ತಾವೇ ಪಕ್ಕದ ಸ್ಟೂಲಿಗೆ ಕೂತು ಹೊಲಿಗೆ ಬಿಚ್ಚತೊಡಗಿದರು.

ಮನೆಗೆ ತಿಳಿಸೋಣವೆಂದರೆ ಫೋನು ಗೇಟಿನ ಲಾಕರಿನಲ್ಲಿ. ವ್ಯಾನು ಎರಡು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ಆ ಸದ್ದಿಗೇ ಎದೆ ಸೋರಿ ರವಿಕೆಯೆಲ್ಲ ಒದ್ದೆ. ಅಳು ಬಂತು, ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಯಾರನ್ನಾದರೂ ಬೈಯೋಣ ಅಂದರೆ ಬೈಸಿಕೊಳ್ಳಬೇಕಾದವಳು ನಾನೇ. ಮೂವತ್ತನೆಯ ಪೀಸು ಮುಗಿಯುವವರೆಗೆ ಆ ಸ್ಟ್ಯಾಂಡಿನ ಮುಂದಿನಿಂದ ಏಳುವ ಹಾಗಿರಲಿಲ್ಲ.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟುವಾಗ ಏಳೂಮುಕ್ಕಾಲು. ಮಗಳು ಅತ್ತೆಯ ತೊಡೆಯ ಮೇಲೆ ಮಲಗಿಬಿಟ್ಟಿದ್ದಳು. ಗಲ್ಲದ ಮೇಲೆ ರಾಗಿ ಸರಿ ಒಣಗಿತ್ತು.

“ಏಳ್ಗಂಟೆವರ್ಗೂ ತಡ್ಕೊಂಡೆ ಕಣವ್ವ” ಅಂದರು ಅತ್ತೆ. ಅವರ ಕಣ್ಣೂ ಕೆಂಪಾಗಿತ್ತು. “ಅತ್ತು ಅತ್ತು ಕೂಸಿನ ದನಿನೇ ಬಿದ್ದೋಯ್ತು. ನನ್ ಕೈಲಿ ಆಗ್ನಿಲ್ಲ.”

ತಪ್ಪು ನಂದೇ ಅಂದೆ. ಹಿತ್ತಲಿಗೆ ಹೋಗಿ, ಎದೆಹಾಲನ್ನು ಯಾರೂ ತುಳಿಯಬಾರದಲ್ಲ ಅಂತ ಓಡಾಡುವ ಜಾಗ ಬಿಟ್ಟು, ತೆಂಗಿನ ಬುಡಕ್ಕೆ ಹಾಲು ಹಿಂಡಿದೆ. ಹಿಂಡಿದಷ್ಟೂ ಬಂತು.

ಬೆಳಿಗ್ಗೆ ಮಗಳನ್ನು ಎದೆಗೆ ಹಚ್ಚಿದೆ. ಎರಡು ಗುಟುಕು ಎಳೆದು ಬಿಟ್ಟಳು. ಮತ್ತೆ ಹಚ್ಚಿದರೆ ಕತ್ತು ತಿರುಗಿಸಿ, ಅಡುಗೆಮನೆಯಲ್ಲಿ ಅತ್ತೆ ಸರಿ ಕಾಸುತ್ತಿದ್ದ ಪಾತ್ರೆಯ ಕಡೆ ಕೈ ಚಾಚಿದಳು. ನಾನು ಗದರಿದೆ. ಆರು ತಿಂಗಳ ಕೂಸನ್ನು ಗದರಿದೆ, ನೋಡಿ!

ಅತ್ತೆ ನನ್ನ ಬುತ್ತಿ ಕಟ್ಟುತ್ತ ಮೆಲ್ಲಗೆ ಅಂದರು, “ಸಂಜೆನೂ ಸರಿನೇ ಕುಡ್ಕೋತಳೆ ಬುಡವ್ವ. ಇನ್ಮೇಲೆ ನೀನು ಎದ್ನೋ ಬಿದ್ನೋ ಅಂತ ಓಡ್ಬರ್ಬ್ಯಾಡ. ನಿದಾನ್ಕೇ ಬಾ.”

ಅದರಲ್ಲಿ ಕೊಂಕಿರಲಿಲ್ಲ. ನನ್ನ ಪಾಡು ನೋಡಲಾರದೆ ಅಂದ ಮಾತು. ನಾಲ್ಕು ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ.

ಅವತ್ತು ಸಂಜೆ ಐದೂವರೆಗೆ ಸರಿಯಾಗಿ ಬಿಟ್ಟರು. ನನಗಾಗಿ ಹಸಿದುಕೊಂಡು ಕಾಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ವ್ಯಾನಿಗೆ ಓಡಿದೆ.