ವಿಮಾನದ ಬಾಲಕ್ಕೆ ಅಜ್ಜಿಯ ನಿಂಬೆಹಣ್ಣು

ಮೊನ್ನೆ ವಿಮಾನ ಹತ್ತುವಾಗ ಪೈಲಟರ ಕೋಣೆಯ ಬಾಗಿಲು ತೆರೆದಿತ್ತು. ಹಾರುವ ಮುನ್ನ ಏನೇನು ಪರೀಕ್ಷಿಸಬೇಕೆಂಬ ಚೀಟಿಯನ್ನು ಒಬ್ಬರು ಓದುತ್ತಿದ್ದರು, ಇನ್ನೊಬ್ಬರು ಒಂದೊಂದೇ ಗುಂಡಿ ಮುಟ್ಟಿ ಉತ್ತರ ಕೊಡುತ್ತಿದ್ದರು. ನಾನು ಥಟ್ಟನೆ ಬೇವೂರಿನ ನಮ್ಮ ಹೊಲದಲ್ಲಿದ್ದೆ.

ಅದು ನನ್ನ ಬಾಲ್ಯ, ಯುದ್ಧದ ಕಾಲ. ಕೆಟ್ಟು ನಮ್ಮ ಹೊಲದಲ್ಲಿ ಇಳಿದಿದ್ದ ವಿಮಾನವೊಂದು ರಿಪೇರಿಯಾಗಿ ಹೊರಟು ನಿಂತಿತ್ತು. ಎದುರಿಗೇ ನಮ್ಮ ಕಲ್ಲುಬಾವಿ. ಅದನ್ನು ಮುಟ್ಟುವಷ್ಟರೊಳಗೆ ಮೇಲೇಳದಿದ್ದರೆ ಪೈಲಟರಿಬ್ಬರೂ ಬಾವಿಯ ಪಾಲು. ಊರೆಲ್ಲ ಬದುವಿನ ಮೇಲೆ ನೆರೆದಿತ್ತು. ಗಾಜಿನೊಳಗೆ ಒಬ್ಬ ಚೀಟಿ ಓದುತ್ತಿದ್ದ, ಇನ್ನೊಬ್ಬ ಏನೇನೋ ಮುಟ್ಟಿ ತಲೆಯಾಡಿಸುತ್ತಿದ್ದ.

"ಚೀಟಿ ನೋಡಿ ಗಾಡಿ ಹೊಡಿಯಾವ್ರಿವರು! ಮುಗೀತು ಬಿಡ್ರೆಪಾ ಕತಿ," ಎಂದರು ದೊಡ್ಡಪ್ಪ, ಎಂಜಿನ್ನಿಗಿಂತ ಜೋರಾಗಿ.

ಅಷ್ಟರಲ್ಲಿ ಪೈಲಟನ ತಲೆಯಾಟ ನಿಂತಿತು. ಬಗ್ಗಿ ನೋಡುತ್ತ ಕಾಲಲ್ಲಿ ಏನನ್ನೋ ಒತ್ತಿದಂತಿತ್ತು, ಮತ್ತೆ ಒತ್ತಿದ. ಎಂಜಿನ್ ಆರಿಸಿ, ಕೆಳಗೆ ಹಾರಿ, ಬಾಲದತ್ತ ಓಡಿದ. ವಿಮಾನವನ್ನು ಎಡಕ್ಕೆ ಬಲಕ್ಕೆ ಹೊರಳಿಸುವ ಬಾಲದ ಹಲಗೆಯನ್ನು ಯಾರೋ ಕರಿಕಂಬಳಿಯ ಹುರಿಯಿಂದ ಬಿಗಿದಿದ್ದರು. ಹುರಿಯ ತುದಿಗೆ ನಿಂಬೆಹಣ್ಣು.

ಊರೆಲ್ಲ ಕರಿಕಂಬಳಿ ಹೊದ್ದು ನಿಂತಿದ್ದ ನಮ್ಮಜ್ಜಿಯತ್ತ ತಿರುಗಿತು.

"ದೃಷ್ಟಿ ಆಗಬಾರ್ದಂತ ಕಟ್ಟೀನ್ರಿ. ಹೊಸಾ ಬಂಡಿಗೆ ಕಟ್ಟೂದಿಲ್ಲೇನ್ರಿ?"

"ಯವ್ವಾ, ಬಂಡಿ ಬಾಲಾ ಅಳ್ಳಾಡಸೂದಿಲ್ಲಬೇ!" ದೊಡ್ಡಪ್ಪ ತಲೆಗೆ ಕೈ ಹೊತ್ತರು.

ಪೈಲಟ್ ಹುರಿ ಬಿಚ್ಚಿ, ನಿಂಬೆಹಣ್ಣನ್ನು ಜೇಬಿಗಿಳಿಸಿದ. ಒಳಗೆ ಕುಳಿತು ಚೀಟಿಯನ್ನು ಮತ್ತೆ ಮೊದಲಿನಿಂದ ಓದಿಸಿದ. ಈ ಸಲ ದೊಡ್ಡಪ್ಪ ತಾವೂ ಅವನೊಂದಿಗೆ ತಲೆಯಾಡಿಸಿದರು. ವಿಮಾನ ದಡದಡ ಓಡಿತು, ಬಾವಿ ಹತ್ತಿರವಾಯಿತು, ನಾನು ಕಣ್ಣು ಮುಚ್ಚಿದೆ. ತೆರೆದಾಗ ಅದು ಬಾವಿಯ ಆಚೆ ಗಾಳಿಯಲ್ಲಿತ್ತು.

"ನೋಡಿದ್ರೆಲ್ಲಾ? ನಿಂಬಿಹಣ್ಣು ಕೆಲಸ ಮಾಡ್ತು," ಎಂದಳು ಅಜ್ಜಿ.

ಮೊನ್ನೆ ಸೀಟಿನಲ್ಲಿ ಕುಳಿತು ಆ ಚೀಟಿಗೆ ಮನಸ್ಸಿನಲ್ಲೇ ಕೈಮುಗಿದೆ. ನಿಂಬೆಹಣ್ಣೂ ಇತ್ತು, ಆದರೆ ಕೈಚೀಲದಲ್ಲಿ. ಬಾಲದ ತಂಟೆಗೆ ಹೋಗಲಿಲ್ಲ.