ಹಿತ್ತಾಳೆ ಕಣ್ಣಿನ ಎರಡು ವಾಷರ್

ಕಿತ್ತೂರಿನ ಹೆದ್ದಾರಿ ಪಕ್ಕ ಅಣ್ಣನ ಸಲೂನು. ಅಲ್ಲಿನ ಗೋಡೆಗೆ ಅಪ್ಪನ ಮಡಚುವ ಕ್ಷೌರದ ಕತ್ತಿಯನ್ನು ಮೊಳೆ ಹೊಡೆದು ಕೂರಿಸಿದ್ದು ನೋಡಿ ನನ್ನ ಮೈ ಉರಿದುಹೋಯಿತು. ಬಾಯಿ ತೆರೆದೇ ನಿಲ್ಲಲಿ ಎಂದು ಕೀಲಿಗೆ ಅಂಟು ಸುರಿದಿದ್ದ. ಸುತ್ತ ಬಣ್ಣದ ದೀಪ ಬೇರೆ. ಗಿರಾಕಿಗಳು ಅದರ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಾರಂತೆ.

"ಅಪ್ಪಗ ರಿಪೇರಿಗೆ ಕೊಟ್ಟೇನಿ ಅಂತ ಹೇಳಿದ್ದಿ," ಅಂದೆ.

"ಕೀಲು ಸಡ್ಲ ಆಗಿತ್ತು. ಒಳಗಿನ ವಾಷರ್ ಸವದು ಬಿದ್ದು ಹೋಗ್ಯಾವು. ಕಣ್ಣ ಕಾಣದವಗ ಕತ್ತಿ ಯಾಕ ಬೇಕು?"

ಯಾಕೆ ಬೇಕು ಎಂದು ಅವನಿಗೆ ಗೊತ್ತಿತ್ತು. ಬೈಲಹೊಂಗಲದಲ್ಲಿ ನಲವತ್ತು ವರ್ಷ ಊರ ಗದ್ದಗಳನ್ನೆಲ್ಲ ಬೋಳಿಸಿದ ಅಪ್ಪನಿಗೆ ದೃಷ್ಟಿ ಪೂರ್ತಿ ಹೋಗಿದೆ, ಈಗ ನನ್ನ ಜೊತೆಗೇ ಇದ್ದಾನೆ. ಸ್ನಾನಕ್ಕೆ ಕೈ ಹಿಡಿಯಬೇಕು, ತಾಟಿನಲ್ಲಿ ರೊಟ್ಟಿ ಎಲ್ಲಿದೆ ಎಂದು ಹೇಳಬೇಕು. ತನ್ನ ಗಡ್ಡ ಮಾತ್ರ ಅವನು ತಾನೇ ಬೋಳಿಸಿಕೊಳ್ಳುತ್ತಿದ್ದ, ಎಡಗೈ ಬೆರಳಿನಿಂದ ದಾರಿ ನೋಡಿಕೊಂಡು, ಒಂದು ಗೀರೂ ಇಲ್ಲದೆ. ಕತ್ತಿ ಹೋದ ಮೇಲೆ ಗಡ್ಡ ಎದೆಯ ಕಡೆ ಇಳಿಯತೊಡಗಿತ್ತು. ಪ್ಲಾಸ್ಟಿಕ್ಕಿನ ರೇಜರ್ ತಂದುಕೊಟ್ಟರೆ ಹಿತ್ತಲಿಗೆ ಎಸೆದ. ದಿನಾ ಮುಂಜಾನೆ "ಕತ್ತಿ ಬಂತೇನು?" ಎಂದು ಕೇಳುತ್ತಿದ್ದ. "ಬರತೈತಿ ಅಪ್ಪಾ," ಎಂದು ನಾನು ಸುಳ್ಳು ಹೇಳುತ್ತಿದ್ದೆ, ಸುಳ್ಳೆಂದು ಗೊತ್ತಿಲ್ಲದೆಯೇ. ಅಣ್ಣನ ಮೇಲೆ ಅದೂ ಒಂದು ಸಿಟ್ಟು.

ಮೊಳೆ ಕಿತ್ತು ಕತ್ತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹಡಪ ಮುಟ್ಟುವಂತಿಲ್ಲ. ಹಡಪ ಎಂದರೆ ಕತ್ತಿ, ಕತ್ತರಿ, ಮಸೆಯುವ ಕಲ್ಲು ಎಲ್ಲ ಇಡುವ ಚರ್ಮದ ಚೀಲ. ಹತ್ತು ವರ್ಷದವಳಿದ್ದಾಗ ಕುತೂಹಲಕ್ಕೆ ಅದರ ಬಾಯಿ ಬಿಚ್ಚಿದ್ದೆ. ಅಪ್ಪ ಕಪಾಳಕ್ಕೆ ಕೊಟ್ಟ ಏಟು ಇವತ್ತಿಗೂ ನೆನಪಿದೆ. ಕಲಿಯಲೆಂದು ಕೂಡಿಸಿದ್ದ ಅಣ್ಣ ಆಕಳಿಸುತ್ತ ಗೋಲಿ ಆಡಲು ಓಡಿಹೋಗುತ್ತಿದ್ದ. ಅಪ್ಪ ಕತ್ತಿ ಬಿಚ್ಚಿ ಕೂಡಿಸುವುದನ್ನು ನಾನು ಹೊಸ್ತಿಲಾಚೆ ನಿಂತು ನೋಡುತ್ತಿದ್ದೆ.

ನೋಡಿದ್ದರಿಂದಲೇ ಗೊತ್ತಿತ್ತು. ಕೋಡಿನ ಹಿಡಿಯ ಎರಡು ಹೋಳುಗಳ ನಡುವೆ ಉಕ್ಕಿನ ಅಲಗು ಕೂರುತ್ತದೆ. ಅದರ ಆಚೆ ಈಚೆ ಒಂದೊಂದು ತೆಳು ವಾಷರ್ ಬೇಕು. ಅವಿಲ್ಲದಿದ್ದರೆ ಅಲಗು ಅಲ್ಲಾಡುತ್ತದೆ. ಕಣ್ಣಿದ್ದವನು ಹೇಗೋ ಸಂಭಾಳಿಸಿಯಾನು, ಅಪ್ಪನ ಗಂಟಲು ಕೊಯ್ದುಬಿಡುತ್ತದೆ.

ಬೈಲಹೊಂಗಲದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದ್ದದ್ದೆಲ್ಲ ಮೋಟರಿಗೆ ಹಾಕುವ ದಪ್ಪ ವಾಷರ್‌ಗಳು. ಒಬ್ಬನಂತೂ, "ಅಕ್ಕಾರ, ನಿಮ್ಮ ಮನಿಯವರನ್ನ ಕಳಸ್ರಿ, ಅವರಿಗೆ ತಿಳಿತೈತಿ," ಅಂದ. ನನಗೆ ಬೇಕಾದದ್ದು ಏನೆಂದು ನನಗಿಂತ ನನ್ನ ಗಂಡನಿಗೆ ಹೆಚ್ಚು ಗೊತ್ತೇ? ಆ ಮನುಷ್ಯನಿಗೆ ಗುಂಡಿ ಹೊಲಿಯಲೂ ಬರುವುದಿಲ್ಲ. ರಾಮದುರ್ಗದಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯ ಸಾಬರೊಬ್ಬರು ಮಾತ್ರ ನಗಲಿಲ್ಲ. ಕತ್ತಿ ತಿರುವಿ ನೋಡಿ, "ಲಗ್ನಪತ್ರಿಕೆಯಷ್ಟು ತೆಳು ಹಿತ್ತಾಳಿ ಬೇಕು ತಂಗಿ. ನನ್ನ ಕಡೆ ಇಲ್ಲ. ಸವದತ್ತಿ ಗುಡ್ಡದ ಅಂಗಡ್ಯಾಗ ದೇವಿಗೆ ಏರಸೂ ಹಿತ್ತಾಳಿ ಹರಕಿ ಕಣ್ಣು ಮಾರತಾರಲ್ಲ, ಆ ತಗಡು ಅಷ್ಟ ತೆಳು ಇರತೈತಿ. ಮೊದಲ ತೂತು ಹೊಡೀರಿ, ಆಮ್ಯಾಲ ದುಂಡಗ ಕತ್ತರಸ್ರಿ," ಅಂದರು.

ಗುಡ್ಡದಲ್ಲಿ ಅಂಗಡಿಯಾಕೆ ಒಂದು ಜೋಡಿ ಕಣ್ಣು ಕಾಗದದಲ್ಲಿ ಸುತ್ತುತ್ತ, "ಯಾರ ಕಣ್ಣಿನ ಹರಕಿ ಐತ್ರಿ?" ಎಂದು ಕೇಳಿದಳು.

"ನಮ್ಮಪ್ಪಂದು," ಅಂದೆ.

"ಚೊಲೋ ಆಕ್ಕಾವ ಬಿಡ್ರಿ."

ಅವ್ವನೂ ಇಂಥದೇ ಜೋಡಿ ಅರ್ಪಿಸಿದ್ದಳು, ಬರಿಗಾಲಲ್ಲಿ ಗುಡ್ಡ ಹತ್ತಿ. ಕಣ್ಣು ಬರಲಿಲ್ಲ. ದೇವಿಯ ಮೇಲೂ ನನಗೆ ಸಿಟ್ಟಿತ್ತು. ಗುಡಿಯ ಕಡೆ ತಿರುಗಿಯೂ ನೋಡದೆ ಇಳಿದೆ.

ಮನೆಯಲ್ಲಿ ಕಣ್ಣುಗಳನ್ನು ಕಲ್ಲಿನ ಮೇಲಿಟ್ಟು ಬಡಿದು ಸಪಾಟು ಮಾಡಿದೆ. ನಾನು ಮನೆಯಲ್ಲೇ ಬ್ಲೌಸು ಹೊಲಿಯುವವಳು, ದಾರ ಹಾಯಿಸಲು ತೂತು ಹೊಡೆಯುವ ಪಂಚು ಇತ್ತು. ಸಾಬರು ಹೇಳಿದ್ದನ್ನು ಮರೆತು ಮೊದಲು ದುಂಡಗೆ ಕತ್ತರಿಸಿದೆ. ಪಂಚು ಒತ್ತಿದ ಕೂಡಲೇ ತಗಡು ಮುದುಡಿ ಹರಿಯಿತು. ಎರಡು ಹಾಳಾದವು. ನನ್ನನ್ನೇ ಬಯ್ದುಕೊಂಡು, ಉಳಿದ ತುಂಡುಗಳಿಗೆ ತೂತು ಮೊದಲು ಹೊಡೆದು, ಅಂಗಿಯ ಗುಂಡಿಗಿಂತ ಸಣ್ಣದಾಗಿ ಕತ್ತರಿಸಿ, ಉಸುಕು ಕಾಗದದ ಮೇಲೆ ಉಜ್ಜಿದೆ. ಕೀಲಿನ ಅಂಟು ಕೆರೆದು ತೆಗೆಯಲು ಇಡೀ ಮಧ್ಯಾಹ್ನ ಬೇಕಾಯಿತು. ಅಲಗಿನ ಆಚೆ ಈಚೆ ವಾಷರ್ ಇಟ್ಟು ಹಿತ್ತಾಳೆ ಮೊಳೆ ಹಾಯಿಸಿ, ಅದರ ತಲೆಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂಡಿಸಿದೆ.

ಅಷ್ಟರಲ್ಲಿ ಅಣ್ಣ ಬಂದ. "ನಾಳೆ ಅಪ್ಪನ ಗಂಟಲ ಕೊಯ್ದರ ಯಾರು ಜವಾಬ್ದಾರಿ?"

"ನೀ ಅಂಟು ಹಚ್ಚಿ ಗ್ವಾಡಿಗೆ ಹೊಡದಾಗ ಜವಾಬ್ದಾರಿ ಎಲ್ಲಿ ಹೋಗಿತ್ತು?"

ಅವನು ಬಾಗಿಲಲ್ಲೇ ನಿಂತ. ನಾನು ಕೊಟ್ಟ ಕತ್ತಿಯನ್ನು ಅಪ್ಪ ಕಿವಿಯ ಹತ್ತಿರ ಹಿಡಿದು ತೆರೆದ, ಮುಚ್ಚಿದ, ಮತ್ತೆ ತೆರೆದ. ಬೆರಳಿನಿಂದ ಅಲಗನ್ನು ಆಚೀಚೆ ಒತ್ತಿ ನೋಡಿದ. ಅದು ಅಲ್ಲಾಡಲಿಲ್ಲ. ತಾನೇ ಚರ್ಮದ ಪಟ್ಟಿಗೆ ಮಸೆದು ಬಿಸಿನೀರು ಕೇಳಿದ. ಅವನು ಕ್ಷೌರ ಮುಗಿಸುವ ತನಕ ನಾನು ಅವನ ಎಡಗೈ ಬೆರಳುಗಳನ್ನೇ ನೋಡುತ್ತ ಕೂತೆ. ಒಂದು ಹನಿ ರಕ್ತ ಬರಲಿಲ್ಲ.

"ಯಾರು ಕೂಡಿಸಿದ್ರು?" ಎಂದು ಕೇಳಿದ.

ಸಾಬರ ಹೆಸರು ಹೇಳಬಹುದಿತ್ತು. "ನಾನ," ಅಂದೆ.

"ಯಾವಾಗ ಕಲತಿ?"

"ನೀ ಅಣ್ಣಗ ಕಲಸೂ ಮುಂದ," ಅಂದೆ. ದನಿ ಏರಿತ್ತು. ಏರಲಿ ಎಂದು ಬಿಟ್ಟೆ. "ಮುಟ್ಟಬ್ಯಾಡ ಅಂದಿದ್ದಿ. ನೋಡಬ್ಯಾಡ ಅಂದಿರಲಿಲ್ಲ."

ಅಪ್ಪ ಬೋಳಿಸಿದ ಗದ್ದವನ್ನು ಇನ್ನೊಮ್ಮೆ ಬೆರಳಿನಿಂದ ಸವರಿ ನೋಡಿದ. ಆಮೇಲೆ ಕತ್ತಿ ಒರೆಸಿ ಮಡಚಿದ. ಅಣ್ಣ ಕೈ ಚಾಚಿದ್ದು ಅವನಿಗೆ ಕಾಣುವಂತಿರಲಿಲ್ಲ. ನನ್ನ ದನಿ ಬಂದ ಕಡೆಗೆ ಕತ್ತಿಯನ್ನು ಚಾಚಿ, "ಹಡಪದಾಗ ಇಡು," ಅಂದ.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಎದ್ದುಹೋಗಿ ಚೀಲದ ಬಾಯಿ ಬಿಚ್ಚಿದೆ.