ಹಲಸಿನ ತೊಳೆ ಮತ್ತು ಊದುವ ಯಂತ್ರ

ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ. ಆಕ್ಟೋಪಸ್ಸಿಗೆ ಮೂರು ಹೃದಯ. ಉಷ್ಟ್ರಪಕ್ಷಿಯ ಕಣ್ಣು ಅದರ ಮಿದುಳಿಗಿಂತ ದೊಡ್ಡದು. ಇಂಥವು ನನ್ನ ತಲೆಯಲ್ಲಿ ಮೂಟೆಗಟ್ಟಲೆ ಇವೆ. ತಮಿಳು ಗಡಿಯಲ್ಲಿರುವ ಜೂಜುವಾಡಿ ಹತ್ತಿರದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಆದರೆ ಅಲ್ಲಿ ಜನ ನನ್ನನ್ನು ಗುರುತಿಸುವುದು ನನ್ನ ಕೆಲಸದಿಂದಲ್ಲ, ಕ್ಯಾಂಟೀನ್ ಬಾಗಿಲ ಪಕ್ಕದ ಕಪ್ಪು ಹಲಗೆಯಿಂದ. ಪ್ರತಿ ಸೋಮವಾರ ಅದರ ಮೇಲೆ ಒಂದು ವಿಚಿತ್ರ ಸಂಗತಿ ಬರೆಯುತ್ತಿದ್ದೆ, ಮೇಲೆ ತಮಿಳಿನಲ್ಲಿ, ಕೆಳಗೆ ಕನ್ನಡದಲ್ಲಿ. ತೆಲುಗಿನವರು ಎರಡರಲ್ಲಿ ಯಾವುದಾದರೊಂದನ್ನು ಓದಿಕೊಳ್ಳುತ್ತಿದ್ದರು. ಊಟದ ಸಾಲಿನಲ್ಲಿ ನಿಂತವರು ಯಾರಾದರೂ "ಸಾರ್, ಇದು ನಿಜಾನಾ?" ಎಂದರೆ ಸಾಕು, ಅವರ ತಟ್ಟೆಯ ಅನ್ನ ಆರಿ ಹೋಗುವವರೆಗೂ ವಿವರಿಸುತ್ತಿದ್ದೆ. ಮಕ್ಕಳ ಹೋಮ್‌ವರ್ಕಿನ ಅನುಮಾನಗಳನ್ನೂ ನನ್ನ ಹತ್ತಿರ ತರುತ್ತಿದ್ದರು. ಪ್ರಶ್ನೆ ಏನೇ ಇರಲಿ, ನನ್ನ ಬಳಿ ಉತ್ತರ ಇರುತ್ತಿತ್ತು. ಗೊತ್ತಿಲ್ಲ ಎಂದು ನಾನು ಯಾರಿಗೂ ಹೇಳಿದ ನೆನಪಿಲ್ಲ.

ನಾನು ಹೋಗಿಬರುವ ಕಂಪನಿ ಬಸ್ಸಿನ ಡ್ರೈವರಣ್ಣ ಗುಮ್ಮಳಾಪುರದವರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಹಣೆ ತುಂಬ ವಿಭೂತಿ, ಮಾತು ಕಡಿಮೆ. ಬೆಳಿಗ್ಗೆ ಸೀಟಿಗೆ ಹತ್ತುವ ಮೊದಲು ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಬೀಡಿ ಕೂಡ ಸೇದಿದವರಲ್ಲ. ನನ್ನ ಹಲಗೆಗೆ ಅವರಷ್ಟು ನಿಯತ್ತಿನ ಓದುಗ ಮತ್ತೊಬ್ಬರಿರಲಿಲ್ಲ. ಸೋಮವಾರ ಮಧ್ಯಾಹ್ನ ಓದಿ, ಸಂಜೆ ನಾನು ಬಸ್ ಹತ್ತುವಾಗ ಅದರ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು. ಅದಕ್ಕಾಗಿಯೇ ನಾನು ಡ್ರೈವರ್ ಪಕ್ಕದ ಸೀಟನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಹಲಗೆಯ ಮೇಲೆ ಹೀಗೆ ಬರೆದೆ: 'ಹಲಸಿನ ಹಣ್ಣು ಒಂದು ಹಣ್ಣಲ್ಲ. ನೂರಾರು ಹೂಗಳು ಒಟ್ಟಿಗೆ ಬೆಳೆದು, ನೂರಾರು ಹಣ್ಣುಗಳು ಒಂದೇ ಸಿಪ್ಪೆಯೊಳಗೆ ಸಂಸಾರ ಹೂಡಿವೆ.' ಡ್ರೈವರಣ್ಣನಿಗೆ ಅದು ಬಹಳ ಹಿಡಿಸಿತು.

"ನಮ್ಮನೆ ಮರ ನಮ್ಮಪ್ಪ ನೆಟ್ಟಿದ್ದು ಸಾರ್. ಇಷ್ಟ್ ವರ್ಸ ತಿಂದಿವ್ನಿ, ಅದ್ರೊಳಗೆ ಇಂಗೈತೆ ಅಂತ ಗೊತ್ತಿರ್ಲಿಲ್ಲ. ನಿಮ್ಗೊಂದು ಹಣ್ ತತ್ತೀನಿ ತಾಳಿ," ಎಂದರು.

ಆ ಶುಕ್ರವಾರ ತಂದೇಬಿಟ್ಟರು. ಚೆನ್ನಾಗಿ ಕಳಿತ ಹಣ್ಣು, ಬಸ್ಸೆಲ್ಲ ಘಮಘಮ. ಬೆಳಿಗ್ಗೆ ಹತ್ತಿದವರಿಗೆಲ್ಲ ನಾಲ್ಕು ನಾಲ್ಕು ತೊಳೆ ಹಂಚಿದರು. ನನಗಾಗಿ ಒಂದು ಡಬ್ಬಿ ತುಂಬ ಎತ್ತಿಟ್ಟಿದ್ದರು. ಡಬ್ಬಿ ಇಡೀ ದಿನ ಬಿಸಿಲಲ್ಲಿ ನಿಂತ ಬಸ್ಸಿನೊಳಗೇ ಉಳಿಯಿತು. ಸಂಜೆ ನಾನು ಐದು ನಿಮಿಷ ಮುಂಚೆ ಬಂದು ಹತ್ತಿದಾಗ ಬಸ್ಸಿನಲ್ಲಿ ನಾವಿಬ್ಬರೇ. ಡಬ್ಬಿ ತೆರೆದು ಇಬ್ಬರೂ ತಿಂದೆವು. ತೊಳೆ ಸ್ವಲ್ಪ ಹುಳಿಯಾಗಿತ್ತು, ನಾಲಿಗೆಗೆ ಸಣ್ಣಗೆ ಚುರುಗುಟ್ಟಿತು. ಆದರೂ ಬಿಡಲಿಲ್ಲ, ಡಬ್ಬಿ ಖಾಲಿ ಮಾಡಿದೆವು.

ಬಸ್ ಹೊರಡುವ ಮುಂಚೆ ಡ್ರೈವರುಗಳು ಗೇಟಿನ ಬಳಿ ಯಂತ್ರಕ್ಕೆ ಊದಬೇಕು, ಕುಡಿದಿಲ್ಲ ಎಂದು ತೋರಿಸಲು. ಡ್ರೈವರಣ್ಣ ಬಾಯಿ ಒರೆಸಿಕೊಂಡು ಇಳಿದು ಹೋಗಿ ಊದಿದರು. ಯಂತ್ರ ಕೂಗಿಕೊಂಡಿತು. ಮತ್ತೆ ಊದಿಸಿದರು, ಮತ್ತೆ ಕೂಗಿತು. ಅಷ್ಟು ಹೊತ್ತಿಗೆ ಶಿಫ್ಟ್ ಬಿಟ್ಟು ಐವತ್ತು ಅರವತ್ತು ಜನ ಸುತ್ತ ಸೇರಿದ್ದರು. ನಾನೂ ಇಳಿದು ಹೋದೆ.

"ಹಲಸಿನಣ್ ತಿಂದಿವ್ನಿ ಸಾರ್, ಅಷ್ಟೇಯ," ಎಂದರು ಡ್ರೈವರಣ್ಣ. "ಒಂದ್ ಲೋಟ ನೀರ್ ಕೊಡಿ, ಬಾಯ್ ಮುಕ್ಕಳ್ಸಿ ವಸಿ ಹೊತ್ ಬುಟ್ಟು ಊದ್ತೀನಿ."

ಸೆಕ್ಯುರಿಟಿ ಅಧಿಕಾರಿ ಕೆಟ್ಟವರಲ್ಲ. ನಿಜವಾಗಿಯೂ ಅನುಮಾನಕ್ಕೆ ಬಿದ್ದು, ಸುತ್ತ ನೋಡಿ, ಗುಂಪಿನಲ್ಲಿ ನನ್ನನ್ನು ಕಂಡು ಅವರ ಮುಖ ಅರಳಿತು. "ಸಾರ್, ನೀಂಗ ಸೊಲ್ಲುಂಗ. ಪಲಾಪ್ಪಳಂ ಸಾಪ್ಟಾ ಮೆಷಿನ್ ಕಾಟ್ಟುಮಾ?" ಹಲಸಿನ ಹಣ್ಣು ತಿಂದರೆ ಯಂತ್ರ ತೋರಿಸುತ್ತದೆಯೇ, ನೀವೇ ಹೇಳಿ ಎಂದು.

ನನಗೆ ಗೊತ್ತಿರಲಿಲ್ಲ. ಹಲಸಿನ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ಸೋಮವಾರವೇ ಬರೆದು ಮುಗಿಸಿದ್ದೆ. ಆದರೆ ಅಷ್ಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಹಲಸಿನ ಹಣ್ಣಿಗೆ ಅಮಲೇರೋ ಹಾಗಿದ್ರೆ ತಳಿ ಊರಿನ ಕಾಡಲ್ಲಿರೋ ಮಂಗಗಳೆಲ್ಲ ದಿನಾ ತೂರಾಡ್ಬೇಕಿತ್ತು," ಎಂದೆ. ಗುಂಪು ಗೊಳ್ಳೆಂದಿತು. ಆ ನಗು ನನಗೆ ಸಾಲಲಿಲ್ಲ. "ನೀರಲ್ಲಿ ಬಾಯಿ ತೊಳೆದ್ರೆ ವಾಸನೆ ಹೋಗುತ್ತೆ, ರಕ್ತದಲ್ಲಿರೋದು ಹೋಗುತ್ತಾ?" ಎಂದು ಸೇರಿಸಿದೆ. ಅದೇ ಮಾತನ್ನು ತಮಿಳಿನಲ್ಲಿ ಇನ್ನೊಮ್ಮೆ ಹೇಳಿದೆ, ಹಲಗೆಯ ಅಭ್ಯಾಸ.

ಯಾರೂ ನೀರು ಕೊಡಲಿಲ್ಲ. ಡ್ರೈವರಣ್ಣ ನನ್ನ ಕಡೆ ಒಮ್ಮೆ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿಕೊಂಡರು. ಬೇರೊಬ್ಬ ಡ್ರೈವರ್ ಬಂದು ಬಸ್ ತೆಗೆದ. ನಾನು ಅದೇ ಮುಂದಿನ ಸೀಟಿನಲ್ಲಿ ಕೂತೆ. ಖಾಲಿ ಡಬ್ಬಿ ನನ್ನ ಕಾಲ ಬಳಿ, ನಾನು ಇಳಿಯುವ ಮತ್ತಿಗಿರಿವರೆಗೂ ಕಟಕಟ ಎನ್ನುತ್ತಿತ್ತು. ಸೋಮವಾರದ ಹೊತ್ತಿಗೆ ಬಸ್ಸಿನ ಕಂಟ್ರಾಕ್ಟರ್ ಡ್ರೈವರಣ್ಣನನ್ನು ಕೆಲಸದಿಂದ ತೆಗೆದಿದ್ದ.

ಮುಂದಿನ ವರ್ಷದ ಹಲಸಿನ ಕಾಲದಲ್ಲಿ, ಸೋಮವಾರಕ್ಕೆ ಏನಾದರೂ ಸಿಗುತ್ತದೆಯೇ ಎಂದು ಫೋನ್ ತಡಕುತ್ತಿದ್ದಾಗ ಒಂದು ಸಣ್ಣ ಬರಹ ಕಣ್ಣಿಗೆ ಬಿತ್ತು. ಹೆಚ್ಚು ಕಳಿತ ಹಲಸು ಹುಳಿತಾಗ ಅದರೊಳಗೇ ಸ್ವಲ್ಪ ಮದ್ಯಸಾರ ಹುಟ್ಟುತ್ತದಂತೆ. ತಿಂದ ಕೂಡಲೇ ಊದಿದರೆ, ಬಾಯಲ್ಲಿ ಉಳಿದ ಅಷ್ಟಕ್ಕೇ ಯಂತ್ರ ಕೂಗುತ್ತದಂತೆ. ಬಾಯಿ ಮುಕ್ಕಳಿಸಿ ಹತ್ತು ನಿಮಿಷ ಬಿಟ್ಟು ಊದಿದರೆ ಸೊನ್ನೆ.

ಆಗ ನಾನು ಏನು ಮಾಡಬೇಕಿತ್ತು ಎಂದು ಓದುವವರಿಗೆ ಗೊತ್ತಾಗುತ್ತದೆ. ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಅದನ್ನು ದೊಡ್ಡ ಅಕ್ಷರಗಳಲ್ಲಿ ಹಲಗೆಯ ಮೇಲೆ ಬರೆದೆ, ಕೊನೆಗೊಂದು ಆಶ್ಚರ್ಯಸೂಚಕ ಹಾಕಿ. ಅಷ್ಟಕ್ಕೇ ನಿಲ್ಲಿಸದೆ, ಅಧಿಕಾರಿಗಳ ಒಪ್ಪಿಗೆ ಪಡೆದು, ಆ ಶನಿವಾರ ಕ್ಯಾಂಟೀನಿನಲ್ಲಿ ಎಲ್ಲರೆದುರು ಹುಳಿತ ತೊಳೆ ತಿಂದು ಯಂತ್ರಕ್ಕೆ ಊದಿದೆ. ಕೂಗಿತು. ಬಾಯಿ ಮುಕ್ಕಳಿಸಿ, ಕಾದು, ಮತ್ತೆ ಊದಿದೆ. ಸೊನ್ನೆ. ಜನ ಚಪ್ಪಾಳೆ ತಟ್ಟಿದರು. ಡ್ರೈವರಣ್ಣ ಮರೆತುಹೋಗಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿದ್ದರು. ಬೇರೆ ಯಾರಿಗೂ ನೆನಪಾಗದಿರಲಿ ಎಂದುಕೊಂಡಿದ್ದೆ.

ಒಬ್ಬರಿಗೆ ನೆನಪಿತ್ತು. ನಮ್ಮ ಬಸ್ಸಿನಲ್ಲೇ ಬರುತ್ತಿದ್ದ ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳು. ಎಲ್ಲರೂ ಹೋದ ಮೇಲೆ ತಟ್ಟೆ ಹಿಡಿದು ನಿಂತು ಕೇಳಿದಳು: "ಸಾರ್, ಅಂಗಾರೆ ಆವತ್ತು ಆ ಅಣ್ಣ ಕುಡ್ದಿರ್ಲಿಲ್ವಾ?"

ಮರುದಿನ ಭಾನುವಾರ, ಗುಮ್ಮಳಾಪುರದ ಬಸ್ ಹತ್ತಿದೆ.

ಡ್ರೈವರಣ್ಣ ಮನೆ ಜಗಲಿಯ ಮೇಲೆ ಕೂತು ಬೀನ್ಸ್ ಚೀಲದ ಬಾಯಿ ಹೊಲಿಯುತ್ತಿದ್ದರು. "ಬನ್ನಿ ಸಾರ್," ಎಂದು ಚಾಪೆ ಹಾಸಿದರು. ನಾನು ಕೂರದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಬರಹ, ಯಂತ್ರ, ಸೊನ್ನೆ. ಅವರು ಆಶ್ಚರ್ಯಪಡಲಿಲ್ಲ. ತಾನು ಕುಡಿದಿರಲಿಲ್ಲ ಎಂಬುದು ಅವರಿಗೆ ಹೊಸ ಸಂಗತಿಯಲ್ಲವಲ್ಲ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವರ ಹೆಂಡತಿಗೆ ಹೊಸದಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಿಧಾನಕ್ಕೆ ಹೇಳಿದರು: "ನಾನೂ ನಂಬ್ಲಿಲ್ಲ ಸಾರ್. ಓದ್ದೋರೇ ಹೇಳವ್ರೆ ಅಂದ್ರು ಬಸ್ಸಲ್ಲಿ ಬರೋರು. ದೇವ್ರ ಮುಂದೆ ಕರ್ಪೂರ ಹಚ್ಚಿ, ಇವ್ರ್ ಕೈಲಿ ಆಣೆ ಆಕುಸ್ದೆ. ಆಣೆ ಆಕಿದ್ ಮೇಲೂ ನನ್ಗೆ ಅನುಮಾನ ಹೋಗ್ನಿಲ್ಲ."

ನಾನು ಚಾಪೆಯ ಮೇಲೆ ಕೂತೆ. ಮ್ಯಾನೇಜರ್ ಹತ್ತಿರ ಹೋಗುತ್ತೇನೆ, ಬರೆದುಕೊಡುತ್ತೇನೆ, ಕೆಲಸ ವಾಪಸ್ ಕೊಡಿಸುತ್ತೇನೆ ಎಂದೆಲ್ಲ ಹೇಳಿದೆ. ಡ್ರೈವರಣ್ಣ ದಬ್ಬಳ ನಿಲ್ಲಿಸಲಿಲ್ಲ.

"ಆ ಬಸ್ಸು ಈಗ ಇನ್ನೊಬ್ಬುನ್ ಕೈಲೈತೆ ಸಾರ್. ಅವ್ನೂ ಸಂಸಾರಸ್ಥ."

ಕೊನೆಗೆ, ವರ್ಷದಿಂದ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದೆ. "ಆವತ್ತು ನಾನೂ ಅದೇ ಡಬ್ಬಿಯಿಂದ ತಿಂದಿದ್ದೆ. ಇವರನ್ನೂ ಊದಿಸಿ ನೋಡಿ ಅಂತ ಒಂದು ಮಾತು ಅಂದಿದ್ರೆ ನೀವು ಉಳ್ಕೊಳ್ತಿದ್ರಿ. ಬಾಯಿ ತೆರೆದಿರಿ, ಮತ್ತೆ ಯಾಕೆ ಸುಮ್ಮನಾದಿರಿ ಅಣ್ಣ?"

ಅವರು ದಾರವನ್ನು ಹಲ್ಲಿನಿಂದ ಕತ್ತರಿಸಿದರು. "ಅನ್ಬೇಕು ಅಂತ್ಲೇ ಬಾಯ್ ತೆಗ್ದೆ ಸಾರ್. ಆಮೇಲೆ ಅನ್ನುಸ್ತು, ಮಿಷಿನ್ನು ನಿಮ್ಗೂ ಕೂಕ್ಕೊಂಡ್ರೆ? ಡೂಟಿಲಿ ಕುಡ್ದವ್ರೆ ಅಂತ ನಿಮ್ನೂ ತೆಗ್ದಾಕ್ತಿದ್ರು. ಹಣ್ಣು ತಂದೋನು ನಾನು. ನನ್ ಹಣ್ಣಿಂದ ನಿಮ್ಗ್ಯಾಕೆ ಕೆಟ್ಟೆಸ್ರು ಅಂತ ಸುಮ್ಕಾದೆ."

ಮರುದಿನ ಸೋಮವಾರ. ಹಲಗೆಯನ್ನು ಪೂರ್ತಿ ಒರೆಸಿ ಬರೆದೆ: 'ಹಿಂದಿನ ವರ್ಷ ನಮ್ಮ ಡ್ರೈವರಣ್ಣ ಕುಡಿದಿರಲಿಲ್ಲ. ಆ ಸಂಜೆ ಅದೇ ಹಣ್ಣನ್ನು ನಾನೂ ತಿಂದಿದ್ದೆ. ಯಂತ್ರದ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ಮಾತಾಡಿದೆ.' ಮೇಲೆ ತಮಿಳಿನಲ್ಲಿ, ಕೆಳಗೆ ಕನ್ನಡದಲ್ಲಿ. ಊಟದ ಸಾಲು ಅದನ್ನು ಓದುತ್ತ ನಿಧಾನಕ್ಕೆ ಮುಂದೆ ಸರಿಯಿತು. ನಾನು ಹಲಗೆಯ ಪಕ್ಕದಲ್ಲೇ ನಿಂತಿದ್ದೆ. ಇದು ನಿಜಾನಾ ಎಂದು ಯಾರೂ ಕೇಳಲಿಲ್ಲ.